ಹೊಸ ಲ್ಯಾಪ್‌ಟಾಪಿನ ನಿಲ್ಲದ ಫ್ಯಾನು

ಕೇಳುಗರಿಗೆ ನಮಸ್ಕಾರ.

ಹೊಸ ಲ್ಯಾಪ್‌ಟಾಪ್ ಕೊಂಡವರು ಈಚೆಗೆ ನನ್ನ ಬಳಿ ತರುವ ಮೊದಲ ದೂರು ಪರದೆಯದೂ ಅಲ್ಲ, ಬ್ಯಾಟರಿಯದೂ ಅಲ್ಲ. "ಇದರ ಫ್ಯಾನು ನಿಲ್ಲುವುದೇ ಇಲ್ಲ" ಎನ್ನುತ್ತಾರೆ. ಐವತ್ತು ಅರುವತ್ತು ಸಾವಿರ ಕೊಟ್ಟು ತಂದ ಯಂತ್ರ, ಒಂದು ಪತ್ರ ಟೈಪ್ ಮಾಡಲು ಕೂತರೂ ಸುಂಯ್ ಎನ್ನುತ್ತಿರುತ್ತದೆ. ಅಂಗಡಿಯವರನ್ನು ಕೇಳಿದರೆ "ಹೊಸದರಲ್ಲಿ ಹಾಗೇ, ಆಮೇಲೆ ಸರಿಹೋಗುತ್ತದೆ" ಎಂಬ ಸಮಾಧಾನ. ಎಲ್ಲ ಬಲ್ಲ ನೆಂಟರನ್ನು ಕೇಳಿದರೆ "ಪ್ರೊಸೆಸರ್ ಕೆಟ್ಟಿದೆ, ಹಿಂದಕ್ಕೆ ಕೊಟ್ಟುಬಿಡಿ" ಎಂಬ ತೀರ್ಪು. ಅಂಗಡಿಯವರ ಮಾತು ಅರ್ಧ ನಿಜ. ನೆಂಟರ ಮಾತು ಬಹುಮಟ್ಟಿಗೆ ಸುಳ್ಳು. ನನಗೆ ತಿಳಿದಂತೆ, ಹೊಸ ಲ್ಯಾಪ್‌ಟಾಪಿನ ಫ್ಯಾನು ಸದಾ ಓಡುತ್ತಿದ್ದರೆ, ಹೆಚ್ಚಿನ ಸಲ ನಮಗೆ ಬೇಕಿಲ್ಲದ ವೇಗಕ್ಕೆ ನಾವು ಸದ್ದಿನ ರೂಪದಲ್ಲಿ ಬೆಲೆ ತೆರುತ್ತಿರುತ್ತೇವೆ. ಆ ವೇಗದಲ್ಲಿ ಚೂರು ಬಿಟ್ಟುಕೊಟ್ಟರೆ ಸದ್ದು ಬಹಳಷ್ಟು ಇಳಿಯುತ್ತದೆ. ಅದು ಹೇಗೆ ಎಂದು ಈಗ ನೋಡೋಣ.

ಮೊದಲು ಬಿಸಿಯ ಮಾತು. ಲ್ಯಾಪ್‌ಟಾಪಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ಪೇ ಪ್ರೊಸೆಸರ್. ಅದರ ಒಳಗೆ ಹೋದ ವಿದ್ಯುತ್ತು ಲೆಕ್ಕ ಮಾಡಿ ಮುಗಿಸಿದ ಮೇಲೆ ಎಲ್ಲೂ ಮಾಯವಾಗುವುದಿಲ್ಲ. ಹೆಚ್ಚುಕಡಿಮೆ ಅಷ್ಟೂ ಬಿಸಿಯಾಗಿಯೇ ಹೊರಬರಬೇಕು. ಒಂದು ಉದಾಹರಣೆ ತೆಗೆದುಕೊಳ್ಳಿ. ಇಂಟೆಲ್‌ನ ಕೋರ್ ಐ5-1235ಯು ಎಂಬ ಪ್ರೊಸೆಸರ್ 2022ರಿಂದೀಚೆಗೆ ಬಂದ ಎಷ್ಟೋ ಸಾಧಾರಣ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿದೆ. ಅದರ ಮೂಲ ವಿದ್ಯುತ್ ಬಳಕೆ 15 ವ್ಯಾಟ್ ಎಂದು ಕಂಪನಿಯೇ ಬರೆದಿದೆ. ಒಂದು ಎಲ್‌ಇಡಿ ಬಲ್ಬಿನಷ್ಟು, ಗಾಬರಿಪಡುವಂಥದ್ದೇನಲ್ಲ. ಆದರೆ ಅದೇ ಹಾಳೆಯಲ್ಲಿ ಇನ್ನೊಂದು ಸಂಖ್ಯೆ ಇದೆ, ಅಂಗಡಿಯಲ್ಲಿ ಯಾರೂ ಓದಿ ಹೇಳುವುದಿಲ್ಲ: ಗರಿಷ್ಠ ಟರ್ಬೊ ಬಳಕೆ 55 ವ್ಯಾಟ್. ಹೆಸರಿಗೆ 15, ಹುರುಪು ಬಂದಾಗ 55. ವೇಗದ ಕತೆಯೂ ಹೀಗೆಯೇ. ಅದರ ದೊಡ್ಡ ಕೋರ್‌ಗಳ, ಅಂದರೆ ಲೆಕ್ಕ ಮಾಡುವ ಘಟಕಗಳ, ಮೂಲ ವೇಗ 1.3 ಗಿಗಾಹರ್ಟ್ಸ್, ಟರ್ಬೊ ವೇಗ 4.4. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಯಾವುದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಟರ್ಬೊ ಎಂಬ ಏರ್ಪಾಡನ್ನು ಇಂಟೆಲ್ 2008ರಲ್ಲಿ ತನ್ನ ನೆಹಲೆಮ್ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ತಂದಿತು. ಉದ್ದೇಶ ಒಳ್ಳೆಯದೇ. ಕೆಲಸ ಬಂದಾಗ ಕೆಲವು ಕ್ಷಣ ಜೋರಾಗಿ ಓಡಿ ಮುಗಿಸಿ, ಮತ್ತೆ ತಣ್ಣಗೆ ಕೂರಬೇಕು. ತೊಂದರೆ ಇರುವುದು ಈ ಓಟದ ಕೊನೆಯ ಭಾಗದಲ್ಲಿ. ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಬಿಸಿಯು ವೇಗದ ಜೊತೆ ಏರುತ್ತದೆ, ಸಾಲದ್ದಕ್ಕೆ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆಯೂ ಏರುತ್ತದೆ. ಇದನ್ನೇ ತಿರುಗಿಸಿ ಲೆಕ್ಕ ಹಾಕಿ. ವೇಗ ನೂರಕ್ಕೆ 20ರಷ್ಟು ಇಳಿಯಿತು, ಅದರ ಜೊತೆ ವೋಲ್ಟೇಜ್ ನೂರಕ್ಕೆ 15ರಷ್ಟು ಇಳಿಯಿತು ಎಂದುಕೊಳ್ಳಿ. ಲೆಕ್ಕದ ಕೆಲಸದಿಂದ ಹುಟ್ಟುವ ಬಿಸಿ ನೂರಕ್ಕೆ 40ಕ್ಕಿಂತ ಹೆಚ್ಚೇ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ಕೊಟ್ಟು ಐದರಲ್ಲಿ ಎರಡು ಪಾಲು ಪಡೆಯುವ ವ್ಯಾಪಾರ. ಪತ್ರ ಬರೆಯುವವರು, ಬ್ಯಾಂಕಿನ ಕೆಲಸ ನೋಡುವವರು, ಆನ್‌ಲೈನ್ ಪಾಠ ಕೇಳುವವರು ಕಳೆದುಕೊಂಡ ಆ ಒಂದು ಪಾಲನ್ನು ಗುರುತಿಸಲಾರರು.

ಇನ್ನು ಆ ಬಿಸಿ ಹೊರಗೆ ಹೋಗುವ ದಾರಿ. ಇದು ನನಗೆ ಬಲು ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ. ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಪ್ರೊಸೆಸರ್ ಮೇಲಿನಿಂದ ಅಂಚಿನವರೆಗೆ ಚಪ್ಪಟೆಯಾದ ಒಂದು ತಾಮ್ರದ ಕೊಳವೆ ಕಾಣುತ್ತದೆ. ನೋಡಿದವರು ಅದನ್ನು ತಾಮ್ರದ ಪಟ್ಟಿ ಎಂದುಕೊಳ್ಳುತ್ತಾರೆ. ಅದರ ಒಳಗೆ ಟೊಳ್ಳು. ಗಾಳಿ ತೆಗೆದು, ಚೂರು ನೀರು ಬಿಟ್ಟು, ಎರಡೂ ಕಡೆ ಬೆಸೆದಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗೆ ಕಾಯಬೇಕಾಗಿಲ್ಲ, ಅದಕ್ಕೂ ಬಹಳ ಮೊದಲೇ ಆವಿಯಾಗುತ್ತದೆ. ಪ್ರೊಸೆಸರ್ ಕಡೆಯಲ್ಲಿ ಎದ್ದ ಆವಿ ತಣ್ಣನೆಯ ಇನ್ನೊಂದು ತುದಿಗೆ ಓಡಿ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆವಿ ಹನಿಗಟ್ಟುವಂತೆ ಅಲ್ಲಿ ಹನಿಯಾಗಿ, ಹೊತ್ತು ತಂದ ಬಿಸಿಯನ್ನು ಬಿಟ್ಟುಕೊಡುತ್ತದೆ. ಕೊಳವೆಯ ಒಳಗೋಡೆಗೆ ಅಂಟಿಸಿದ ಸೂಕ್ಷ್ಮ ರಂಧ್ರಗಳ ಪದರ ಆ ನೀರನ್ನು ಹೀರಿಕೊಂಡು ಹಿಂದಕ್ಕೆ ಸಾಗಿಸುತ್ತದೆ. ಪಂಪಿಲ್ಲ, ಮೋಟಾರಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇಂಥ ಕೊಳವೆಯನ್ನು ರೂಪಿಸಿದರು. ಮುಂದೆ ಉಪಗ್ರಹಗಳಲ್ಲಿ ಬಳಸಿದ ಈ ತಂತ್ರ ಈಗ ನಮ್ಮ ತೊಡೆಯ ಮೇಲೆ ಕೂತಿದೆ.

ಕೊಳವೆಯ ಆ ತಣ್ಣನೆಯ ತುದಿಯಲ್ಲಿ ತೆಳುವಾದ ಲೋಹದ ರೆಕ್ಕೆಗಳ ಸಾಲಿರುತ್ತದೆ. ಫ್ಯಾನಿನ ಕೆಲಸ ತಳದ ಕಿಂಡಿಗಳಿಂದ ಗಾಳಿ ಎಳೆದು ಆ ರೆಕ್ಕೆಗಳ ನಡುವೆ ನೂಕುವುದು, ಅಷ್ಟೇ. ಯಾವ ತಾಪಕ್ಕೆ ಎಷ್ಟು ವೇಗ ಎಂಬ ಪಟ್ಟಿಯನ್ನು ತಯಾರಕರು ಲ್ಯಾಪ್‌ಟಾಪಿನೊಳಗಿನ ಒಂದು ಪುಟ್ಟ ನಿಯಂತ್ರಕದಲ್ಲಿ ಬರೆದಿಟ್ಟಿರುತ್ತಾರೆ. ಕೆಲವು ಮಾದರಿಗಳಲ್ಲಿ ಈ ಪಟ್ಟಿಯೇ ಅತಿ ಹೆದರಿಕೆಯದು: ಸ್ವಲ್ಪ ಬೆಚ್ಚಗಾದರೂ ಫ್ಯಾನು ಎದ್ದು ಓಡುತ್ತದೆ. ಅಂಥ ಕಡೆ ತಯಾರಕರು ಆಮೇಲೆ ಬಿಡುವ ಬಯೊಸ್, ಅಂದರೆ ಯಂತ್ರ ಹಚ್ಚಿದೊಡನೆ ಮೊದಲು ಓಡುವ ತಂತ್ರಾಂಶದ, ಪರಿಷ್ಕರಣೆಯಲ್ಲಿ ಪಟ್ಟಿ ತಿದ್ದಿರುವುದುಂಟು. ಆದ್ದರಿಂದ ಹೊಸ ಯಂತ್ರ ತಂದ ವಾರದಲ್ಲೇ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಗೆ ಹೊಸ ಬಯೊಸ್ ಬಂದಿದೆಯೇ ಎಂದು ನೋಡುವುದು ಜಾಣತನ. ಹಾಕಿಕೊಳ್ಳುವಾಗ ಚಾರ್ಜರ್ ಸಿಕ್ಕಿಸಿರಲಿ. ನಡುವೆ ಯಂತ್ರ ಆರಿಸಬೇಡಿ.

ಸದ್ದಿನ ಲೆಕ್ಕವೂ ಬಿಸಿಯ ಲೆಕ್ಕದಂತೆಯೇ ವಿಚಿತ್ರವಾದದ್ದು. ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿಯೂ ಇಮ್ಮಡಿಯಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ ಎಂಬುದು ಎಂಜಿನಿಯರುಗಳ ವಾಡಿಕೆಯ ಅಂದಾಜು. 10 ಡೆಸಿಬೆಲ್ ಏರಿದರೇ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ. ಫ್ಯಾನನ್ನು ಪೂರ್ತಿ ನಿಲ್ಲಿಸುವ ಹಟ ಬೇಡ ಎಂದು ನಾನು ಹೇಳುವುದು ಇದಕ್ಕೇ. ನಿಧಾನವಾಗಿ ಓಡಿದರೆ ಸಾಕು, ಅದು ಇದೆಯೆಂಬುದೇ ಮರೆಯುತ್ತದೆ. ಬಾನುಲಿಯ ಸ್ಟುಡಿಯೋದಂಥ ಕೋಣೆಯಲ್ಲಿ ಆ ಮಾತು ನಡೆಯದು ಬಿಡಿ. ಇಲ್ಲಿ ಧ್ವನಿಗ್ರಾಹಕದ ಪಕ್ಕ ಲ್ಯಾಪ್‌ಟಾಪ್ ಇಟ್ಟರೆ ನನ್ನ ಮಾತಿಗಿಂತ ಮೊದಲು ಅದರ ಮಾತೇ ನಿಮಗೆ ಕೇಳುತ್ತದೆ. ನಾನು ಕಾಗದ ನೋಡಿ ಓದುತ್ತಿದ್ದೇನೆ.

ಈಗ ಅಂಗಡಿಯವರ ಆ ಅರ್ಧ ನಿಜಕ್ಕೆ ಬರೋಣ. ನಮ್ಮ ಬೀದಿಯ ಒಬ್ಬ ಹುಡುಗಿ ಎಂಜಿನಿಯರಿಂಗ್ ಕಾಲೇಜು ಸೇರಿದಾಗ ಕೊಡಿಸಿದ ಲ್ಯಾಪ್‌ಟಾಪ್ ಇಡೀ ದಿನ ಗುಂಯ್‌ಗುಡುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿಸಿದೆ. ಟಾಸ್ಕ್ ಮ್ಯಾನೇಜರ್ ತೆರೆಯಿತು. ಅದರಲ್ಲಿ ಸಿಪಿಯು, ಅಂದರೆ ಪ್ರೊಸೆಸರ್, ಎಂಬ ಕಂಬಸಾಲಿನ ತಲೆಯ ಮೇಲೆ ಒತ್ತಿದರೆ, ಹೆಚ್ಚು ದುಡಿಸುತ್ತಿರುವ ತಂತ್ರಾಂಶ ಮೇಲಕ್ಕೆ ಬರುತ್ತದೆ. ಎಲ್ಲಕ್ಕಿಂತ ಮೇಲೆ ವಿಂಡೋಸ್ ಪರಿಷ್ಕರಣೆ. ಅದರ ಕೆಳಗೆ ಡಿಸ್ಕಿನ ಕಡತಗಳನ್ನೆಲ್ಲ ಹುಡುಕಾಟಕ್ಕೆಂದು ಪಟ್ಟಿ ಮಾಡುತ್ತಿದ್ದ ಇಂಡೆಕ್ಸರ್. ಅವಳ ಹಳೆಯ ಫೋಟೊಗಳನ್ನೆಲ್ಲ ಕ್ಲೌಡಿನಿಂದ ಇಳಿಸಿಕೊಳ್ಳುತ್ತಿದ್ದ ಒನ್‌ಡ್ರೈವ್. ಇಳಿದ ಒಂದೊಂದು ಕಡತವನ್ನೂ ತಪಾಸಣೆ ಮಾಡುತ್ತಿದ್ದುದು ವಿಂಡೋಸಿನದೇ ಡಿಫೆಂಡರ್. ಅದು ಸಾಲದೆಂದು ಕಾರ್ಖಾನೆಯಿಂದಲೇ ಬಂದಿದ್ದ, ತಿಂಗಳ ಉಚಿತ ಬಳಕೆಯ ಇನ್ನೊಂದು ಆಂಟಿವೈರಸ್‌ನ ತುಣುಕುಗಳು. ಹುಡುಗಿ ಏನೂ ಮಾಡದೆ ಕೂತಿದ್ದಳು, ಯಂತ್ರ ಮಾತ್ರ ಮೈಮುರಿದು ದುಡಿಯುತ್ತಿತ್ತು.

ಪರಿಷ್ಕರಣೆ, ಪಟ್ಟಿ, ಫೋಟೊ ಈ ಮೂರು ತಾವಾಗಿ ಮುಗಿಯುವ ಕೆಲಸಗಳು. ಚಾರ್ಜರ್ ಸಿಕ್ಕಿಸಿ, ವೈಫೈ ಕೊಟ್ಟು, ಮೇಜಿನ ಮೇಲೆ ಬಿಟ್ಟು ಮಲಗಿದರೆ ಒಂದೆರಡು ರಾತ್ರಿಯಲ್ಲಿ ಬಹುಪಾಲು ಮುಗಿಯುತ್ತದೆ. ಬೇಡದ ಆಂಟಿವೈರಸ್ ಹಾಗಲ್ಲ, ಅದನ್ನು ನೀವೇ ಕಿತ್ತುಹಾಕಬೇಕು. ವಿಂಡೋಸಿನ ಜೊತೆ ಬರುವ ಡಿಫೆಂಡರ್ ಸಾಮಾನ್ಯ ಮನೆಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಒಂದು ವಾರ ಕಳೆದ ಮೇಲೂ, ಯಾವ ತಂತ್ರಾಂಶವೂ ದುಡಿಯುತ್ತಿಲ್ಲದಾಗಲೂ ಸದ್ದು ಇದ್ದರೆ, ಆಗ ವೇಗ ಬಿಟ್ಟುಕೊಡುವ ಮಾತು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿ ಎಂದು ಹೋದರೆ ಪವರ್ ಮೋಡ್ ಸಿಗುತ್ತದೆ. ಅಲ್ಲಿ ಬೆಸ್ಟ್ ಪರ್ಫಾರ್ಮೆನ್ಸ್ ಎಂದಿದ್ದರೆ ಬ್ಯಾಲೆನ್ಸ್ಡ್‌ಗೆ ತನ್ನಿ. ಅದೂ ಸಾಲದಿದ್ದರೆ ಬೆಸ್ಟ್ ಪವರ್ ಎಫಿಶಿಯೆನ್ಸಿ. ಇದರ ಜೊತೆ ತಯಾರಕರದೇ ಒಂದು ಗುಂಡಿಯೂ ಇರುತ್ತದೆ, ಬಹಳ ಮಂದಿಗೆ ಅದು ಗೊತ್ತೇ ಇಲ್ಲ. ಲೆನೊವೊದ ಹಲವು ಮಾದರಿಗಳಲ್ಲಿ ಎಫ್‌ಎನ್ ಕೀಲಿಯ ಜೊತೆ ಕ್ಯೂ, ಏಸುಸ್‌ನ ಹಲವು ಮಾದರಿಗಳಲ್ಲಿ ಎಫ್‌ಎನ್ ಜೊತೆ ಎಫ್ ಒತ್ತಿದರೆ ಫ್ಯಾನಿನ ಧಾಟಿ ಬದಲಾಗುತ್ತದೆ. ಬೇರೆ ಕಂಪನಿಗಳಲ್ಲಿ ಅವರದೇ ಆ್ಯಪ್ ಒಳಗೆ ಕ್ವಯಟ್ ಎಂಬ ಆಯ್ಕೆ ಇರುತ್ತದೆ. ಹುಡುಗಿಯ ಯಂತ್ರಕ್ಕೆ ಇಷ್ಟೇ ಸಾಕಾಯಿತು.

ಇನ್ನೊಂದು ಹಳೆಯ ಉಪಾಯವನ್ನು ಬಲ್ಲವರು ಹೇಳುತ್ತಾರೆ: ಪವರ್ ಆಪ್ಷನ್ಸ್ ಒಳಗೆ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ನೂರರಿಂದ 99ಕ್ಕೆ ಇಳಿಸುವುದು. ನೂರರಲ್ಲಿ ಒಂದೇ ಇಳಿಸಿದಂತೆ ಕಂಡರೂ ಇಂಟೆಲ್ ಯಂತ್ರಗಳಲ್ಲಿ ಅದರಿಂದ ಟರ್ಬೊ ಪೂರ್ತಿ ನಿಂತುಹೋಗುತ್ತದೆ, ಫ್ಯಾನು ಒಮ್ಮೆಲೇ ತಣ್ಣಗಾಗುತ್ತದೆ. ಮೂಲ ವೇಗವೇ ಎರಡೂವರೆ ಗಿಗಾಹರ್ಟ್ಸ್ ಇದ್ದ ಕಾಲದ ಯಂತ್ರಗಳಿಗೆ ಇದು ಸೊಗಸಾದ ಉಪಾಯ. ಆದರೆ ಆಗಲೇ ಹೇಳಿದ 1.3ರ ಪ್ರೊಸೆಸರಿಗೆ ಇದನ್ನು ಮಾಡಿದರೆ ಯಂತ್ರ ತೆವಳುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯನ್ನೇ ಮರೆಮಾಡಿರುವುದೂ ಉಂಟು. ಪವರ್ ಮೋಡ್ ಕೈಕೊಟ್ಟರೆ ಮಾತ್ರ ಇದನ್ನು ಮುಟ್ಟಿ. ಫ್ಯಾನನ್ನೇ ಹಿಡಿದು ನಿಲ್ಲಿಸುವ ಮೂರನೆಯವರ ತಂತ್ರಾಂಶಗಳ ಹತ್ತಿರ ಮಾತ್ರ ಹೋಗಬೇಡಿ. ತಾಪ ಮಿತಿ ಮೀರಿದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಂಡು ಬದುಕುತ್ತದೆ, ನಿಜ. ಪಕ್ಕದಲ್ಲಿರುವ ಲಿಥಿಯಂ ಬ್ಯಾಟರಿಗೆ ಆ ಅನುಕೂಲ ಇಲ್ಲ. ಬಿಸಿಯಲ್ಲಿ ಅದರ ಆಯುಷ್ಯ ಸವೆಯುತ್ತದೆ.

ಫ್ಯಾನು ಇಲ್ಲದ ಲ್ಯಾಪ್‌ಟಾಪೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆ್ಯಪಲ್ 2020ರ ಕೊನೆಯಲ್ಲಿ ತನ್ನದೇ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ತಂದಾಗ ಫ್ಯಾನನ್ನು ಕೈಬಿಟ್ಟಿತು. ಆ ಯಂತ್ರವೂ ಬಿಸಿಯಾಗುತ್ತದೆ. ದೀರ್ಘಕಾಲ ದುಡಿಸಿದರೆ ವೇಗ ಇಳಿಸಿಕೊಂಡು ಸಂಭಾಳಿಸುತ್ತದೆ. ನಾವು ಸೆಟ್ಟಿಂಗ್ಸ್ ಒಳಗೆ ಹೋಗಿ ಮಾಡುವ ವ್ಯಾಪಾರವನ್ನು ಅಲ್ಲಿ ಕಂಪನಿಯೇ ಮಾಡಿಟ್ಟಿದೆ.

ಊರಿನ ಹವೆಯೂ ಇದರಲ್ಲಿ ಪಾಲುದಾರ. ಬಿಸಿ ಹರಿಯುವುದು ತಾಪದ ಅಂತರಕ್ಕೆ ತಕ್ಕಂತೆ. ಪ್ರೊಸೆಸರ್ 80 ಡಿಗ್ರಿಯಲ್ಲಿದ್ದು, ಮಡಿಕೇರಿಯ ಕೋಣೆ 25 ಡಿಗ್ರಿಯಲ್ಲಿದ್ದರೆ ಅಂತರ 55. ಮೇ ತಿಂಗಳ ರಾಯಚೂರಿನಲ್ಲಿ ಕೋಣೆಯೇ 40 ಡಿಗ್ರಿ ಆದರೆ ಅಂತರ 40ಕ್ಕೆ ಇಳಿಯಿತು. ಅದೇ ಕೆಲಸ, ಅದೇ ಯಂತ್ರ. ಆದರೂ ರಾಯಚೂರಿನ ಫ್ಯಾನು ಹೆಚ್ಚು ಓಡಲೇಬೇಕು. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಯ ಹವೆ 35 ಡಿಗ್ರಿಯವರೆಗೆ ಎಂದೇ ಬರೆದಿರುತ್ತದೆ. ಕಲಬುರಗಿ, ಬಳ್ಳಾರಿ, ರಾಯಚೂರಿನವರ ಬೇಸಿಗೆಯನ್ನು ಆ ಕೈಪಿಡಿ ಬರೆದವರು ಕಂಡಂತಿಲ್ಲ. ಅಲ್ಲಿಯವರು ಭಾರದ ಕೆಲಸಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಕೆಳಗಿಡುವ ಕೂಲರ್ ಹಲಗೆಯಿಂದ ಅಲ್ಪಸ್ವಲ್ಪ ಉಪಯೋಗವುಂಟು, ಅದಕ್ಕೂ ಒಂದು ಫ್ಯಾನಿದೆ, ಅದೂ ಸದ್ದು ಮಾಡುತ್ತದೆ ಎಂಬುದು ನೆನಪಿರಲಿ. ಹಿಂಬದಿಯಲ್ಲಿ ಒಂದು ತೆಳು ಪುಸ್ತಕ ಇಟ್ಟು ಎತ್ತರಿಸಿದರೂ ತಳದ ಕಿಂಡಿಗೆ ಗಾಳಿ ಸಿಗುತ್ತದೆ. ಹಾಸಿಗೆ, ದಿಂಬು, ಕಂಬಳಿಯ ಮೇಲೆ ಮಾತ್ರ ಇಡಲೇಬೇಡಿ. ಕಿಂಡಿ ಅಷ್ಟೂ ಮುಚ್ಚಿಹೋಗುತ್ತದೆ.

ಮುಚ್ಚಳ ಮುಚ್ಚಿ ಚೀಲದಲ್ಲಿಟ್ಟ ಮೇಲೂ ಫ್ಯಾನು ಓಡುತ್ತದೆ ಎಂದು ಕೆಲವರು ಹೇಳಿದರೆ ನಂಬಿ. ಈಗಿನ ಲ್ಯಾಪ್‌ಟಾಪ್‌ಗಳ ನಿದ್ದೆ ಅರೆನಿದ್ದೆ. ಮುಚ್ಚಳ ಹಾಕಿದ್ದರೂ ಎಚ್ಚರಗೊಂಡು ಇ-ಮೇಲ್ ನೋಡುತ್ತವೆ, ಪರಿಷ್ಕರಣೆ ಇಳಿಸುತ್ತವೆ. ಚೀಲದೊಳಗೆ ಅದು ಬೇಯುವುದನ್ನು ತಪ್ಪಿಸಲು ಪಯಣಕ್ಕೆ ಮೊದಲು ಶಟ್‌ಡೌನ್ ಮಾಡಿ, ಇಲ್ಲವೇ ತೆರೆದ ಕೆಲಸವನ್ನು ಉಳಿಸಿಟ್ಟು ಆರಿಸುವ ಹೈಬರ್ನೇಟ್ ಮಾಡಿ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಸದ್ದುಗಳಿವೆ. ಗಾಳಿಯ ಸದ್ದಾದರೆ ಅದು ಆ ಮಾದರಿಯ ಗುಣ, ಆಟಗಳಿಗೆಂದೇ ಮಾಡಿದ ಲ್ಯಾಪ್‌ಟಾಪ್‌ಗಳಲ್ಲಂತೂ ಅದನ್ನು ಸಹಿಸಬೇಕು. ಕರಕರ, ಟಕಟಕ, ಲೋಹ ಉಜ್ಜಿದಂಥ ಸದ್ದಾದರೆ ಅದು ದೋಷ. ಫ್ಯಾನಿನ ಬೇರಿಂಗ್ ಕೆಟ್ಟಿರಬಹುದು, ಒಳಗೆ ಏನಾದರೂ ತಗಲುತ್ತಿರಬಹುದು. ನೀವೇ ತಳ ಬಿಚ್ಚಬೇಡಿ. ಸುತ್ತ ಸದ್ದಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಅದನ್ನು ಧ್ವನಿಮುದ್ರಿಸಿಕೊಳ್ಳಿ, ಟಾಸ್ಕ್ ಮ್ಯಾನೇಜರ್ ಖಾಲಿ ಕೂತಿರುವುದನ್ನು ತೋರಿಸುವ ಚಿತ್ರವನ್ನೂ ಇಟ್ಟುಕೊಳ್ಳಿ. ಸೇವಾ ಕೇಂದ್ರದಲ್ಲಿ ನೀವು ಹೋದಾಗಲೇ ಯಂತ್ರ ಮೌನವ್ರತ ಹಿಡಿಯುವುದು ವಾಡಿಕೆ, ಆಗ ಇವು ಬೇಕಾಗುತ್ತವೆ. ಅಂಗಡಿಯ ಬದಲಾವಣೆಯ ಗಡುವು ಕೆಲವೇ ದಿನಗಳದಾಗಿರುತ್ತದೆ, ಆದ್ದರಿಂದ ಇಂಥ ಸದ್ದು ಕೇಳಿದ ದಿನವೇ ಹೊರಡಿ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿ, ಸಂಖ್ಯೆ ಪಡೆಯಿರಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಮಸ್ಕಾರ.