ಹೆಣೆದ ಕೈ ಯಾರದು?

ನಮಸ್ಕಾರ. ಇಂದಿನ ಸಂಚಿಕೆಗೆ ಬೇರೆಯೇ ವಿಷಯವನ್ನು ಸಿದ್ಧಮಾಡಿಕೊಂಡಿದ್ದೆ. ಅದನ್ನು ಬದಿಗಿಟ್ಟು ಈ ಮಾತಿಗೆ ಬರಲು ಕಾರಣ, ಕಳೆದ ವಾರ ಬಂದ ಒಂದು ಪ್ರತಿಕ್ರಿಯೆ. ಐರ್ಲೆಂಡಿನ ಆರನ್ ದ್ವೀಪಗಳ ಸ್ವೆಟರಿನ ಬಗ್ಗೆ ನಾನು ಮಾತಾಡಿದ್ದನ್ನು ಕೇಳಿ ಒಬ್ಬರು ಬರೆದಿದ್ದರು: “ಒಂದೊಂದು ಮನೆತನಕ್ಕೂ ಒಂದೊಂದು ಹೆಣಿಗೆ ಇತ್ತಂತೆ. ಸಮುದ್ರದಲ್ಲಿ ಮುಳುಗಿದವನ ದೇಹ ದಡಕ್ಕೆ ಬಂದಾಗ ಸ್ವೆಟರ್ ನೋಡಿ ಇಂಥ ಮನೆಯವನೆಂದು ಗುರುತು ಹಿಡಿಯುತ್ತಿದ್ದರಂತೆ. ಎಷ್ಟು ಚೆಂದದ ಕಥೆ! ಅದನ್ನು ಸುಳ್ಳೆಂದು ಹೇಳಿ ನಿಮಗೆ ಸಿಕ್ಕಿದ್ದೇನು?”

ಸಿಕ್ಕಿದ್ದು ಒಬ್ಬ ತಂಗಿಯ ಕೈ. ಅದನ್ನೇ ಇಂದು ಬಿಡಿಸಿ ಹೇಳುತ್ತೇನೆ.

ಈ ಕಥೆಯ ಬೇರು ಇರುವುದು ಐರಿಷ್ ನಾಟಕಕಾರ ಜೆ. ಎಂ. ಸಿಂಜ್ ಬರೆದು, 1904ರಲ್ಲಿ ಮೊದಲು ಪ್ರದರ್ಶನ ಕಂಡ ‘ರೈಡರ್ಸ್ ಟು ದ ಸೀ’ ಎಂಬ ಏಕಾಂಕದಲ್ಲಿ. ಅಣ್ಣ ಸಮುದ್ರಕ್ಕೆ ಹೋದವನು ಮರಳಿಲ್ಲ. ದೂರದ ಡೊನೆಗಾಲ್ ತೀರದಲ್ಲಿ ಸಿಕ್ಕ ಶವದ ಮೇಲಿನ ಅಂಗಿಯ ತುಂಡು ಮತ್ತು ಒಂದು ಕಾಲುಚೀಲ ಮನೆಗೆ ಬಂದಿವೆ. ಅಂಗಿಯ ಬಟ್ಟೆಯಿಂದ ಏನೂ ತೀರ್ಮಾನವಾಗುವುದಿಲ್ಲ, ಏಕೆಂದರೆ ಅಂಥ ಬಟ್ಟೆ ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತದೆ. ಕಿರಿಯ ತಂಗಿ ಕಾಲುಚೀಲವನ್ನು ಕೈಗೆತ್ತಿಕೊಂಡು ಕುಣಿಕೆಗಳನ್ನು ಎಣಿಸುತ್ತಾಳೆ. ತಾನು ಹೆಣೆದ ಮೂರನೆಯ ಜೊತೆಯಲ್ಲಿ ಇದು ಎರಡನೆಯದು. ಅರವತ್ತು ಕುಣಿಕೆ ಹಾಕಿದ್ದಳು, ನಾಲ್ಕನ್ನು ಬಿಟ್ಟಿದ್ದಳು. ಲೆಕ್ಕ ಸರಿಹೋಗುತ್ತದೆ. ಅಣ್ಣ ಸತ್ತಿದ್ದಾನೆಂದು ಅವಳಿಗೆ ತಿಳಿಯುವುದು ಹಾಗೆ. ಅಲ್ಲಿ ಸ್ವೆಟರಿಲ್ಲ, ಮನೆತನದ ಲಾಂಛನವಿಲ್ಲ. ಸತ್ತವನನ್ನು ಗುರುತಿಸಿದ್ದು ಹೆಣೆದವಳ ನೆನಪಿನಲ್ಲಿದ್ದ ಲೆಕ್ಕ. ಜನಪ್ರಿಯ ಕಥೆ ಈ ತಂಗಿಯನ್ನು ಹೊರಗಟ್ಟಿ ಅವಳ ಜಾಗದಲ್ಲಿ ಮನೆತನವನ್ನು ಕೂರಿಸಿತು. ನನ್ನ ತಕರಾರು ಇಷ್ಟೇ: ಹೆಣೆದ ಕೈ ಯಾರದು ಎಂದು ಮೊದಲು ಕೇಳಿ.

ಸ್ವೆಟರಿನ ನಿಜವಾದ ಚರಿತ್ರೆ ಸಾವಿರಾರು ವರ್ಷಗಳದ್ದಲ್ಲ. ಐರ್ಲೆಂಡಿನ ಪಶ್ಚಿಮ ತೀರದ ಬಡತನವನ್ನು ನೀಗಲೆಂದು 1891ರಲ್ಲಿ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಎಂಬ ಸರ್ಕಾರಿ ಮಂಡಳಿ ಸ್ಥಾಪನೆಯಾಯಿತು. ಅದು ಮೀನುಗಾರಿಕೆಗೆ ಬೆಂಬಲ ಕೊಟ್ಟ ಕಾಲದಲ್ಲಿ ಹೊರಗಿನ ಮೀನುಗಾರರ ಉಣ್ಣೆಯ ಅಂಗಿಗಳನ್ನು ಕಂಡ ದ್ವೀಪದ ಹೆಂಗಸರು ಆ ಹೆಣಿಗೆಯನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು ಎಂಬುದು ಈ ವಿಷಯವನ್ನು ಅಧ್ಯಯನ ಮಾಡಿದವರಲ್ಲಿ ಹೆಚ್ಚಿನವರ ಅಭಿಪ್ರಾಯ. ಮ್ಯೂರಿಯಲ್ ಗಹನ್ 1930ರಲ್ಲಿ ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿ ‘ಕಂಟ್ರಿ ಶಾಪ್’ ತೆರೆದು ಹಳ್ಳಿಯ ಕೈಕೆಲಸಗಳ ಜೊತೆಗೆ ಈ ಸ್ವೆಟರುಗಳನ್ನೂ ಮಾರಿದರು. ಆಮೇಲೆ ಆಕ್ಸ್‌ಫರ್ಡಿನ ನೂಲಿನ ವ್ಯಾಪಾರಿ ಹೈನ್ಜ್ ಎಡ್ಗರ್ ಕೀವೆ ಈ ಹೆಣಿಗೆಯಲ್ಲಿ ಐರ್ಲೆಂಡಿನ ಪ್ರಾಚೀನ ಕೆಲ್ಟ್ ಜನರ ಸಂಕೇತಗಳನ್ನು ಕಂಡು, ಅದನ್ನೇ ಸಾರಿದರು. ನೂರು ವರ್ಷದ ಆಚೀಚೆ ಬದುಕಿದ್ದ, ಚಳಿಗಾಳಿಯಲ್ಲಿ ಕುಳಿತು ಕೂಲಿಗಾಗಿಯೂ ಹೆಣೆದ ಹೆಂಗಸರ ಜಾಣ್ಮೆಯೆಲ್ಲ ಹೀಗೆ ಯಾವುದೋ ಪುರಾತನ ಕಾಲದ ಪಾಲಾಯಿತು.

ಈಗ ನನ್ನ ಕಣ್ಣಾರೆ ಕಂಡ ಒಂದು ವಸ್ತುವಿನ ವಿಷಯ. ಐರ್ಲೆಂಡಿನ ಮೊನಹನ್ ಕೌಂಟಿಯ, ಅಂದರೆ ಜಿಲ್ಲೆಯ, ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಆ ಮನೆಯ ಹಿರಿಯಾಕೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ನೀಲಿ ಕಾಗದದಲ್ಲಿ ಸುತ್ತಿದ್ದ ಕ್ರೋಶಾ ಲೇಸಿನ ಕೊರಳಪಟ್ಟಿ. ಬಿಳುಪು ಹೋಗಿ ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಗುಲಾಬಿಯ ದಳಗಳು ಒಳಗಿನ ದಪ್ಪ ದಾರದ ಮೇಲೆ ಉಬ್ಬಿ ನಿಂತಿದ್ದವು. ಹೂವಿನಿಂದ ಹೂವಿಗೆ ಹಬ್ಬಿದ ಬಲೆಯ ತುಂಬ ಸಾಸಿವೆಗಿಂತ ತುಸು ದೊಡ್ಡದಾದ ಗಂಟುಗಳು. ಇವಕ್ಕೆ ಕ್ಲೋನ್ಸ್ ಗಂಟು ಎನ್ನುತ್ತಾರೆ. ಕೊಕ್ಕೆಯನ್ನು ದಾರದ ಮೇಲೊಮ್ಮೆ ಕೆಳಗೊಮ್ಮೆ ಆಡಿಸುತ್ತ ಹತ್ತಾರು ಸುತ್ತು ಏರಿಸಿ, ಅಷ್ಟೂ ಸುತ್ತುಗಳ ನಡುವಿನಿಂದ ದಾರವನ್ನು ಒಂದೇ ಬಾರಿಗೆ ಎಳೆದುಕೊಳ್ಳಬೇಕು. ಬಿಗಿ ಒಂದಿಷ್ಟು ತಪ್ಪಿದರೂ ಗಂಟು ಕೂರುವುದಿಲ್ಲ. ಆ ಪಟ್ಟಿಯ ಒಂದು ಮೂಲೆಯಲ್ಲಿ ಮೂರು ಗಂಟುಗಳು ಉಳಿದವಕ್ಕಿಂತ ಸಡಿಲವಾಗಿದ್ದವು. ರಾತ್ರಿಯಾಗಿತ್ತೋ, ಕಣ್ಣು ಸೋತಿತ್ತೋ, ಮಗು ಅತ್ತಿತ್ತೋ. ಯಾರು ಮಾಡಿದ್ದೆಂದು ಕೇಳಿದೆ. “ನನ್ನ ಅಜ್ಜಿಯ ತಾಯಿ” ಎಂದರು. ಹೆಸರು ಕೇಳಿದೆ. ಆಕೆ ಸುಮ್ಮನಾದರು, ಆ ಮೌನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮೊನಹನ್‌ನ ಕ್ಲೋನ್ಸ್ ಊರಿಗೆ ಈ ಕಸುಬು ಬಂದದ್ದು 1847ರಲ್ಲಿ, ಆಲೂಗಡ್ಡೆಯ ಬೆಳೆ ಕೊಳೆತು ಹತ್ತು ಲಕ್ಷದಷ್ಟು ಜನ ಸತ್ತ ಮಹಾಕ್ಷಾಮದ ನಡುವೆ. ಅಲ್ಲಿನ ಪಾದ್ರಿಯ ಹೆಂಡತಿ ಕ್ಯಾಸಂಡ್ರಾ ಹ್ಯಾಂಡ್ ಹೊರಗಿನಿಂದ ಒಬ್ಬ ಶಿಕ್ಷಕಿಯನ್ನು ಕರೆಸಿ ಹೆಂಗಸರಿಗೆ ಕಲಿಸಿದರು. ಹಸಿದ ಮನೆಗಳಿಗೆ ಕೊಕ್ಕೆ ಮತ್ತು ನೂಲಿನಿಂದ ಕಾಸು ಬಂತು. ಕ್ಯಾಸಂಡ್ರಾ ಅವರ ಹೆಸರು ಉಳಿದಿದೆ, ಉಳಿಯಲೇಬೇಕು. ಆದರೆ ಒಲೆಯ ಮುಂದೆ ಕುಳಿತು ಹೆಣೆದವರ ಹೆಸರುಗಳು? ಅದೇ ಕೌಂಟಿಯ ಕ್ಯಾರಿಕ್‌ಮ್ಯಾಕ್ರಾಸ್ ಲೇಸಿನಲ್ಲಿ, ಬಲೆಯ ಮೇಲೆ ತೆಳುಬಟ್ಟೆ ಹರಡಿ, ವಿನ್ಯಾಸದ ಅಂಚಿಗೆ ದಾರ ಹೊಲಿದು, ಬೇಡದ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. 1820ರ ಸುಮಾರಿಗೆ ಅದನ್ನು ಆರಂಭಿಸಿದ ಗ್ರೇ ಪೋರ್ಟರ್ ಎಂಬಾಕೆಯ ಜೊತೆಯಲ್ಲಿ ಅವರ ಮನೆಯ ಕೆಲಸದಾಕೆ ಆನ್ ಸ್ಟೆಡ್‌ಮನ್ ಹೆಸರೂ ದಾಖಲಾಗಿದೆ. ಕೆಲಸದವಳೊಬ್ಬಳ ಹೆಸರು ಇನ್ನೂರು ವರ್ಷ ಉಳಿಯಬಹುದಾದರೆ ಉಳಿದವರದು ಏಕೆ ಉಳಿಯಬಾರದಿತ್ತು?

1953ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಡಬ್ಲಿನ್ನಿನ ವಿನ್ಯಾಸಕಿ ಸಿಬಿಲ್ ಕಾನಲಿಯವರ ಉಡುಪು ಬಂತು. ರೂಪದರ್ಶಿ ಆ್ಯನ್ ಗನ್ನಿಂಗ್ ತೊಟ್ಟಿದ್ದದ್ದು ಬಿಳಿಯ ಕ್ರೋಶಾ ಗೌನು, ಮೇಲೆ ಕೆಂಪು ಕಿನ್ಸೇಲ್ ನಿಲುವಂಗಿ. ಕಿನ್ಸೇಲ್ ನಿಲುವಂಗಿಯೆಂದರೆ ಐರ್ಲೆಂಡಿನ ದಕ್ಷಿಣದ ಕಾರ್ಕ್ ಕಡೆಯ ಹೆಂಗಸರು ತಲೆ ತುಂಬ ಕುಲಾವಿಯೊಡನೆ ಧರಿಸುತ್ತಿದ್ದ, ತಾಯಿಯಿಂದ ಮಗಳಿಗೆ ಬರುತ್ತಿದ್ದ ಆಸ್ತಿ. ಸಿಬಿಲ್ ಅವರ ಪ್ರತಿಭೆಯ ಬಗ್ಗೆ ನನ್ನಲ್ಲಿ ಅಪಾರ ಗೌರವವಿದೆ. ಒಂದು ಗಜ ನೆರಿಗೆಬಟ್ಟೆಗೆ ಒಂಬತ್ತು ಗಜ ಲಿನನ್ ಹಿಡಿಸುವ ಅವರ ಕೆಲಸ ಕಂಡು ಬೆರಗಾಗದವರಿಲ್ಲ. ಆದರೂ ಕೇಳುತ್ತೇನೆ. ವಿನ್ಯಾಸಕಿಯ ಹೆಸರು ಗೊತ್ತು, ರೂಪದರ್ಶಿಯ ಹೆಸರು ಗೊತ್ತು. ಆ ಗೌನಿನ ಕ್ರೋಶಾ ಹೆಣೆದ ಕೈ ಯಾರದು?

“ಕಥೆ ಸುಳ್ಳಾದರೇನು, ಪ್ರವಾಸಿಗರು ಬರುತ್ತಾರೆ, ಊರಿಗೆ ದುಡ್ಡು ಬರುತ್ತದೆ” ಎನ್ನುವವರಿದ್ದಾರೆ. ಆ ದುಡ್ಡು ಹೆಣೆಯುವವರ ಕೈಗೆ ಬರುತ್ತದೆಯೇ? ಯಂತ್ರದಲ್ಲಿ ಹೆಣೆದ ಸ್ವೆಟರುಗಳ ರಾಶಿಯ ಪಕ್ಕದಲ್ಲಿ ಅದೇ ಮನೆತನದ ಕಥೆಯನ್ನು ಚೀಟಿಯಲ್ಲಿ ಅಚ್ಚುಹಾಕಿ ತೂಗಿಬಿಟ್ಟರೆ, ವಾರಗಟ್ಟಲೆ ಕೂತು ಕೈಯಲ್ಲಿ ಹೆಣೆದವಳಿಗೆ ಸಿಕ್ಕಿದ್ದೇನು? “ಸಾಮಾನ್ಯರ ಹೆಸರು ಎಲ್ಲಿ ಸಿಗುತ್ತದೆ” ಎಂದು ಇನ್ನೊಬ್ಬರು ಕೇಳುತ್ತಾರೆ. ಹುಡುಕದವರು ಆಡುವ ಮಾತು ಅದು. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ 26 ಕೌಂಟಿಗಳ ಪ್ರಾಥಮಿಕ ಶಾಲೆಗಳ ಸುಮಾರು 50,000 ಮಕ್ಕಳಿಗೆ, ಮನೆಯ ಮತ್ತು ನೆರೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಿತು. ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದವರು ಯಾರು, ನೂಲುತ್ತಿದ್ದವರು ಯಾರು ಎಂಬುದೂ ಆ ವಿಷಯಗಳಲ್ಲಿ ಸೇರಿತ್ತು. ಆ ನೋಟ್‌ಪುಸ್ತಕಗಳು ಡಬ್ಲಿನ್ನಿನಲ್ಲಿವೆ, ಅಂತರ್ಜಾಲದಲ್ಲೂ ಓದಲು ಸಿಗುತ್ತವೆ. ಶಾಲೆಯ ಮಕ್ಕಳು ಕೇಳಿದರು, ಬರೆದರು. ನಾವು ದೊಡ್ಡವರು ಕೇಳಲಾರೆವೇ?

ನನ್ನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮಜ್ಜಿ ಹೆಣೆದ ಕ್ರೋಶಾ ಹೊದಿಕೆಯೊಂದು ರೇಡಿಯೋದ ಮೇಲೆ ಮೂವತ್ತು ವರ್ಷ ಇತ್ತು. ಅಜ್ಜಿಗೆ ಅದನ್ನು ಕಲಿಸಿದವರು ಯಾರೆಂದು ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಜ್ಜಿಯಿಲ್ಲ. ಮೊನಹನ್‌ನ ಆ ಹಿರಿಯಾಕೆ ಸುಮ್ಮನಾದಾಗ ನನಗೆ ನೆನಪಾದದ್ದು ಈ ಹೊದಿಕೆಯೇ. ಹಾಗಿರುವಾಗ “ಚೆಂದದ ಕಥೆ, ಬಿಟ್ಟುಬಿಡಿ” ಎಂದರೆ ನಾನು ಬಿಡುವುದಿಲ್ಲ. ಯಾವ ಕಥೆಯೂ ಆ ಮೂರು ಸಡಿಲ ಗಂಟುಗಳಿಗಿಂತ ಚೆಂದವಲ್ಲ. ಕೈ ಯಾರದು, ಹೇಳಿ! ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆಯಿರಿ, ಅದರ ಜಾಗದಲ್ಲಿ ಮನೆತನದ ಕಥೆಯನ್ನು ಮಾತ್ರ ತುಂಬಬೇಡಿ.

ಮುಂದಿನ ವಾರದ ಸಂಚಿಕೆ ಪೂರ್ತಿಯಾಗಿ ಕಿನ್ಸೇಲ್ ನಿಲುವಂಗಿಯ ಮೇಲೆ. ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ. ನೀವು ಜೊತೆಗಿದ್ದರೆ ಇಂಥ ಊರುಗಳಿಗೆ ಹೋಗಿ ಬರಲು ನನಗೆ ಬಲ ಬರುತ್ತದೆ. ನಿಮ್ಮ ಮನೆಯಲ್ಲಿ ಕೈಯಿಂದ ಮಾಡಿದ ಹಳೆಯ ಬಟ್ಟೆ ಏನಿದ್ದರೂ ಅದರ ಚಿತ್ರ ಕಳಿಸಿ, ಚಿತ್ರದ ಕೆಳಗೆ ಮಾಡಿದವರ ಹೆಸರು ಬರೆಯಿರಿ. ಹೆಸರು ನೆನಪಾಗದಿದ್ದರೆ, ಚಿತ್ರ ಕಳಿಸುವ ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರಿಗೆ ಇವತ್ತೇ ಒಂದು ಫೋನ್ ಮಾಡಿ.