ಸವರುವುದು ಬೇರೆ, ಬೋಳಿಸುವುದು ಬೇರೆ

ನಮಸ್ಕಾರ. ಇವತ್ತು ಕರಿಬೇವಿನ ಗಿಡದ ಬಗ್ಗೆ ಮಾತನಾಡುತ್ತೇನೆ ಎಂದು ಕಳೆದ ವಾರ ಹೇಳಿದ್ದೆ. ಅದು ಮುಂದಕ್ಕೆ ಹೋಯಿತು. ಹೋದ ವಿಡಿಯೊದ ಕೆಳಗೆ ಒಬ್ಬರು ಬರೆದಿದ್ದಾರೆ: ‘ಮರದ ತಲೆ ಕಡಿದರೆ ಇನ್ನೂ ಸೊಂಪಾಗಿ ಚಿಗುರುತ್ತದೆ, ಸುಮ್ಮನೆ ಜನರನ್ನು ಹೆದರಿಸಬೇಡಿ.’ ಅದಕ್ಕೆ ಮೆಚ್ಚುಗೆ ಒತ್ತಿದವರು ನಲವತ್ತು ಜನ! ಅದನ್ನು ಓದಿದ ರಾತ್ರಿ ನನಗೆ ಊಟ ರುಚಿಸಲಿಲ್ಲ.

ಚಿಗುರುತ್ತದೆ, ಒಪ್ಪಿದೆ. ಏಕೆ ಚಿಗುರುತ್ತದೆ? ಎಲೆಯಿಲ್ಲದೆ ಮರಕ್ಕೆ ಅನ್ನವಿಲ್ಲ. ಹಸಿದ ಮರ ಕಾಂಡದಲ್ಲಿ ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ, ತೊಗಟೆಯ ಅಡಿಯಲ್ಲಿ ಮಲಗಿದ್ದ ಮೊಗ್ಗುಗಳನ್ನು ಹೊರಗೆ ತಳ್ಳುತ್ತದೆ. ನೀವು ಸೊಂಪು ಎನ್ನುತ್ತಿರುವುದು ಅದರ ಸಂಕಟ.

ಮೈಸೂರಿನ ನಮ್ಮ ಬೀದಿಯಲ್ಲೇ ನಡೆದದ್ದು ಕೇಳಿ. ಎದುರು ಮನೆಯಲ್ಲಿ ಬಾದಾಮಿ ಮಾವಿನ ಮರ. ಎಲೆ ಉದುರಿ ಸಂಪಿನ ಮುಚ್ಚಳದ ಮೇಲೆ ಬೀಳುತ್ತದೆ ಎಂಬುದೇ ಅದರ ಅಪರಾಧ. ನವೆಂಬರ್‌ನಲ್ಲಿ ಇಬ್ಬರು ಮಚ್ಚು ಹಿಡಿದು ಬಂದರು. ಎರಡು ಗಂಟೆಯಲ್ಲಿ ಮೂರು ಮೊಂಡು ಕೈಗಳು ಆಕಾಶಕ್ಕೆ ಎತ್ತಿ ನಿಂತಿದ್ದವು. ಕಾಂಪೌಂಡಿನ ಮೇಲೆಲ್ಲ ಸೊನೆ, ಗಾಳಿಯಲ್ಲಿ ಹಸಿ ಮಾವಿನ ವಾಸನೆ. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಆ ತುದಿಗಳೆಲ್ಲ ಟೆಂಪೊ ಹತ್ತಿ ಹೋದವು. ಅವುಗಳ ಜೊತೆ ಆ ವರ್ಷದ ಹಣ್ಣೂ ಹೋಯಿತು. ಕೊಯ್ಲು ಮುಗಿದ ಮೇಲೆ, ಮಳೆಗಾಲದ ಆರಂಭದಲ್ಲಿ, ಒಣಗಿದ್ದನ್ನೂ ಒಂದಕ್ಕೊಂದು ಉಜ್ಜುವ ರೆಂಬೆಗಳನ್ನೂ ತೆಗೆದಿದ್ದರೆ ಸಾಕಿತ್ತು, ಒಳಗೆ ಬಿಸಿಲು ಬೀಳುತ್ತಿತ್ತು. ಸವರುವುದು ಎಂದರೆ ಅದು. ಅವರು ಮಾಡಿಸಿದ್ದು ಬೋಳಿಸುವುದು.

ಹೊಸ ಚಿಗುರು ನೋಡೋಣ ಎಂದು ಮೊನ್ನೆ ಹೋಗಿದ್ದೆ. ಹೆಬ್ಬೆರಳು ಗಾತ್ರದ, ನನ್ನಷ್ಟೇ ಎತ್ತರದ ಒಂದು ರೆಂಬೆಯನ್ನು ಮೆಲ್ಲಗೆ ಬಾಗಿಸಿದೆ. ತೊಗಟೆಯ ಸಮೇತ ಕಿತ್ತು ಕೈಗೆ ಬಂತು! ಸಹಜವಾಗಿ ಬೆಳೆದ ಕೊಂಬೆಯ ಬೇರು ಕಾಂಡದ ಒಳಗಿನವರೆಗೂ ಇಳಿದಿರುತ್ತದೆ. ಈ ಚಿಗುರು ಹೊರಪದರಕ್ಕೆ ಅಂಟಿಕೊಂಡಿರುತ್ತದೆ, ಅಷ್ಟೆ. ‘ಗಾಳಿಗೆ ಬಿದ್ದೀತು, ಅದಕ್ಕೇ ತಲೆ ಕಡಿಸಿದೆವು’ ಎನ್ನುವವರು ಇಲ್ಲಿ ಕೇಳಿಸಿಕೊಳ್ಳಿ. ನಾಲ್ಕು ವರ್ಷ ಬಿಟ್ಟು ಮೊದಲ ಮಳೆಗಾಳಿಗೆ ನಿಮ್ಮ ಕಾರಿನ ಮೇಲೆ ಮುರಿದು ಬೀಳುವುದು ಇದೇ ಚಿಗುರು.

ಎಲ್ಲಿ ಕತ್ತರಿಸಬೇಕು? ಕೊಂಬೆ ಕಾಂಡವನ್ನು ಸೇರುವಲ್ಲಿ ಬಳೆ ತೊಡಿಸಿದಂತೆ ಒಂದು ಉಬ್ಬು ಇರುತ್ತದೆ. ಅದನ್ನು ಮುಟ್ಟಬೇಡಿ, ಅದರ ಹೊರಗೆ ಕತ್ತರಿಸಿ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ ಹೇಳಿದ್ದು ಇದನ್ನೇ: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಕೊಳೆಯ ಸುತ್ತ ಮರ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆ ಏಳುವ ಜಾಗವೇ ಆ ಬಳೆ. ದಪ್ಪ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ಯಿರಿ, ಆಮೇಲೆ ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಬಳೆಯ ಹತ್ತಿರ ಬನ್ನಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೇ ಸುಲಿದುಕೊಂಡು ಹೋಗುತ್ತದೆ. ಟಾರು, ಬಣ್ಣ ಬಳಿಯುವ ಶಾಸ್ತ್ರ ಬೇಡ. ಅದು ಕೊಳೆಯನ್ನು ತಡೆಯುವುದಿಲ್ಲ.

‘ನುಗ್ಗೆಯ ತಲೆ ಕಡಿಯುವುದಿಲ್ಲವೇ?’ ಕಡಿಯುತ್ತೇವೆ. ನುಗ್ಗೆ ನುಗ್ಗೆಯೇ, ಮಾವು ಮಾವೇ. ‘ಎಲೆ ಗುಡಿಸಿ ಸಾಕಾಗಿದೆ.’ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಗೊಬ್ಬರವಾಗುತ್ತದೆ. ಆ ವಿಡಿಯೊ ಮಾಡಿದ್ದೇನೆ, ಇನ್ನೂ ನೋಡಿಲ್ಲದಿದ್ದರೆ ಇದು ಮುಗಿದ ಕೂಡಲೇ ನೋಡಿ, ಚಾನೆಲ್‌ಗೆ ಚಂದಾದಾರರಾಗಿ. ಬೋಳಿಸುವುದಕ್ಕೆ ಇವೆಲ್ಲ ಕಾರಣಗಳೇ ಅಲ್ಲ!

ಇನ್ನು ಮರವನ್ನೇ ತೆಗೆಸುವವರಿಗೆ. ಬುಡ ಟೊಳ್ಳಾಗಿದ್ದರೆ, ಮನೆಯ ಕಡೆಗೆ ವಾಲುತ್ತಿದ್ದರೆ ತೆಗೆಸಿ, ನಾನು ಅಡ್ಡ ಬರುವುದಿಲ್ಲ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ಸ್ವಂತ ಹಿತ್ತಲಿಗೂ ಅನ್ವಯಿಸುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂತಹ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬದಲಿಗೆ ಗಿಡ ನೆಡುವ ಹೊಣೆಯೂ ಅದೇ ಕಾಯ್ದೆಯಲ್ಲಿದೆ. ನೆಡುವಾಗಲಾದರೂ ಜಾಗ ಅಳೆಯಿರಿ. ಮೂವತ್ತು ನಲವತ್ತರ ನಿವೇಶನಕ್ಕೆ ಪಾರಿಜಾತ, ನಿಂಬೆ, ಸೀಬೆ ಸಾಕು. ಮಳೆಮರವನ್ನು ತಂದು ಕಿಟಕಿಯ ಪಕ್ಕ ನೆಟ್ಟು, ಹತ್ತು ವರ್ಷದ ಮೇಲೆ ಅದು ದೊಡ್ಡದಾಯಿತೆಂದು ತಲೆ ಕಡಿಸುತ್ತೀರಿ. ಅದು ದೊಡ್ಡದಾಗದೆ ಇನ್ನೇನಾಗಬೇಕಿತ್ತು?

ಸವರಿ ಸ್ವಾಮಿ, ಬೋಳಿಸಬೇಡಿ! ಎಷ್ಟು ಸಲ ಹೇಳಲಿ? ಮುಂದಿನ ವರ್ಷವೂ ಹೇಳುತ್ತೇನೆ. ಆ ನಲವತ್ತು ಜನ ಮೆಚ್ಚುಗೆ ಹಿಂತೆಗೆದುಕೊಳ್ಳುವವರೆಗೂ ಹೇಳುತ್ತೇನೆ. ಈ ಭಾನುವಾರ ಬೆಳಿಗ್ಗೆ ನಾನು ಬರುವುದಕ್ಕೆ ಎದುರು ಮನೆಯವರು ಒಪ್ಪಿದ್ದಾರೆ. ಆ ಮಾವಿನ ಚಿಗುರುಗಳಲ್ಲಿ ಯಾವುದನ್ನು ಉಳಿಸಬೇಕು ಎಂದು ಮರದ ಕೆಳಗೇ ನಿಂತು ತೋರಿಸುತ್ತೇನೆ, ಚಿತ್ರೀಕರಣವೂ ಇರುತ್ತದೆ. ಗರಗಸ ಇಲ್ಲೇ ಇದೆ, ನೋಡಿ. ನಿನ್ನೆಯೇ ಸಾಣೆ ಹಿಡಿಸಿ ತಂದಿದ್ದೇನೆ.