ತಳಿ ಒಂದನ್ನೇ ದೂರಬೇಡಿ, ಒಟ್ಲನ್ನೂ ನೋಡಿ

(ಪೋಷಣ ಮಾಸದಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನ ಸಕ್ಕರೆ ಕಾಯಿಲೆ ತಜ್ಞ ಅಂದರು. ನಾನು ಮಕ್ಕಳ ಡಾಕ್ಟರು. ಮಕ್ಕಳ ಡಾಕ್ಟರು ಸಕ್ಕರೆ ಕಾಯಿಲೆ ಬಗ್ಗೆ ಯಾಕೆ ಮಾತಾಡಬೇಕು ಅನ್ನೋದೇ ಇವತ್ತಿನ ವಿಷಯ.

ನಮ್ಮಲ್ಲಿ ಯಾರಿಗೆ ಶುಗರ್ ಬಂದರೂ ಮೊದಲ ಮಾತು, "ಅವರಪ್ಪನಿಗೂ ಇತ್ತಲ್ಲ." ಅಲ್ಲಿಗೆ ವಿಚಾರಣೆ ಮುಗೀತು, ಸತ್ತ ಅಪ್ಪನ ಮೇಲೆ ಕೇಸು. ವಂಶದ ಪಾತ್ರ ಖಂಡಿತ ಇದೆ. ಆದರೆ ಗರ್ಭದ ಒಂಬತ್ತು ತಿಂಗಳು, ಆಮೇಲಿನ ಎರಡು ವರ್ಷ, ನೀವು ಗೋಡೆ ಮೇಲೆ 'ಸಾವಿರ ದಿನ' ಅಂತ ಬರೆಸಿದೀರಲ್ಲ, ಆ ಅವಧೀಲಿ ಸಿಕ್ಕ ಊಟ ನೋಡಿಕೊಂಡು ದೇಹ ಯಾವ ಜೀನನ್ನ ಎಷ್ಟು ಕೆಲಸಕ್ಕೆ ಹಚ್ಚಬೇಕು ಅಂತ ತೀರ್ಮಾನ ಮಾಡುತ್ತೆ. ಇಲ್ಲಿ ಕೂತಿರೋ ಅರ್ಧ ಜನ ಭತ್ತದ ಒಟ್ಲು ಹಾಕಿದವರು. ತಳಿ ಎಷ್ಟೇ ಒಳ್ಳೇದಿರಲಿ, ಒಟ್ಲಲ್ಲಿ ಸೊರಗಿದ ಪೈರಿಗೆ ನಾಟಿಯಾದ ಮೇಲೆ ಯೂರಿಯಾ ಸುರಿದರೆ ಎಲೆ ಬರುತ್ತೆ. ತೆನೆ? ನೀವೇ ಹೇಳಿ.

ಇದನ್ನ ಕಂಡುಹಿಡಿದದ್ದು ರಿಜಿಸ್ಟರಿನಿಂದ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ 1911ರಿಂದ ದಾದಿಯರು ಮಕ್ಕಳ ಹುಟ್ಟು ತೂಕ, ವರ್ಷ ತುಂಬಿದಾಗಿನ ತೂಕ ಎರಡನ್ನೂ ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್ ಅನ್ನೋ ವೈದ್ಯರು ಆ ಪುಸ್ತಕ ಹಿಡಿದು, ಆ ಮಕ್ಕಳು ಮುದುಕರಾದ ಮೇಲೆ ಯಾತರಿಂದ ಸತ್ತರು ಅಂತ ನೋಡಿದರು. 1989ರಲ್ಲಿ ಪ್ರಕಟಿಸಿದರು: ಒಂದು ವರ್ಷಕ್ಕೆ ತೂಕ ಕಮ್ಮಿ ಇದ್ದ ಗಂಡಸರಲ್ಲೇ ಹೃದಯಾಘಾತದ ಸಾವು ಹೆಚ್ಚು.

ಅದು ಅವರ ಊರಿನ ಕತೆ. ನಮ್ಮ ಕತೆ ಮೈಸೂರಲ್ಲಿದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅಂತಾರಲ್ಲ, ಅಲ್ಲಿ 1934ರಿಂದ ಪ್ರತಿ ಹೆರಿಗೆಗೂ ಮಗುವಿನ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿದ್ದರು. ಪೌಂಡು, ಔನ್ಸಿನ ಲೆಕ್ಕ. ಮಹಾರಾಜರ ಕಾಲದಲ್ಲಿ ರಾತ್ರಿ ಎರಡು ಗಂಟೆಗೆ ಹೆರಿಗೆ ಮಾಡಿಸಿ, ಕೈ ತೊಳೆದು, ಮಗುವಿನ ಉದ್ದ ಅಳೆದು ಬರೆದ ನರ್ಸಮ್ಮನಿಗೆ ಇದು ಯಾರಿಗೆ ಬೇಕಾಗುತ್ತೆ ಅಂತ ಗೊತ್ತಿತ್ತಾ? ನಿಮ್ಮ ಸೂಪರ್‌ವೈಸರು ಕಾಲಂ ತುಂಬಿ ಅಂದಾಗ ನೀವು ಮುಖ ಸಿಂಡರಿಸ್ತೀರಲ್ಲ, ಆ ನರ್ಸಮ್ಮನೂ ಹಾಗೇ ಸಿಂಡರಿಸಿರಬಹುದು. ಆದರೂ ಬರೆದಳು.

1990ರ ದಶಕದಲ್ಲಿ ಕ್ಯಾರೊಲಿನ್ ಫಾಲ್ ಮತ್ತವರ ಜೊತೆಗಾರರು ಆ ಪುಸ್ತಕ ಇಟ್ಟುಕೊಂಡು ಅಲ್ಲಿ ಹುಟ್ಟಿದವರನ್ನ ಹುಡುಕಿದರು. ಹುಟ್ಟಿದ ದಿನ ಮಗುವಿಗೆ ಹೆಸರೇ ಇರಲ್ಲ, ಹುಡುಕೋದು ಹೇಗೆ ಯೋಚಿಸಿ. ಹಾಗೂ 1934ರಿಂದ 1954ರೊಳಗೆ ಹುಟ್ಟಿದ 517 ಜನರನ್ನ ಪರೀಕ್ಷೆ ಮಾಡಿದರು. ಹುಟ್ಟು ತೂಕ ಎರಡೂವರೆ ಕಿಲೋ ಒಳಗಿದ್ದ, 45 ವರ್ಷ ದಾಟಿದವರಲ್ಲಿ ಶೇ. 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ಶೇ. 3ರ ಆಸುಪಾಸು. ಮಗುವೂ ಸಣ್ಣದು, ಬಸುರಿ ತಾಯಿಯ ತೂಕವೂ 45 ಕಿಲೋಗಿಂತ ಕಮ್ಮಿ ಅಂದರೆ ಶೇ. 20.

ಹಾಗಂತ ಇವತ್ತೇ ಮನೆಗೆ ಹೋಗಿ ಸೊಸೆಯನ್ನ ತಕ್ಕಡಿ ಮೇಲೆ ನಿಲ್ಲಿಸಬೇಡಿ. ಆ 45 ಕಿಲೋ ಅವಳ ತಪ್ಪಲ್ಲ, ಅವಳೂ ಒಂದು ಕಾಲದಲ್ಲಿ ಅರೆಹೊಟ್ಟೆಯ ಹುಡುಗಿ. ಮೇಲೆ ನಮ್ಮ ಅಜ್ಜಿಯರ ಶಾಸ್ತ್ರ ಬೇರೆ: ಬಸುರಿ ಜಾಸ್ತಿ ಉಂಡರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ. ಸೀಮಂತದ ದಿನ ಐದು ಬಗೆ ಚಿತ್ರಾನ್ನ, ಮಾರನೇ ದಿನದಿಂದ ಮುದ್ದೆ ಅರ್ಧ. 2017ರಲ್ಲಿ ಮಾತೃಪೂರ್ಣ ಶುರುವಾದಾಗ ಬಿಸಿಯೂಟಕ್ಕೆ ಬಸುರಿಯರು ಅಂಗನವಾಡಿಗೇ ಬರಬೇಕು ಅಂದದ್ದಕ್ಕೆ ಎಷ್ಟು ಗೊಣಗಾಟ! ಡಬ್ಬಿಗೆ ಹಾಕಿ ಮನೆಗೆ ಕಳಿಸಿದರೆ ಆ ಊಟ ಯಾರ ತಟ್ಟೆಗೆ ಹೋಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮೈಸೂರಿನ ಪುಸ್ತಕ ಒಂದು ಕಡೆ ಎಲ್ಲರನ್ನೂ ಗಲಿಬಿಲಿ ಮಾಡಿತು. ಇಂಗ್ಲೆಂಡಿನ ಲೆಕ್ಕದಂತೆ ಹೃದಯದ ಕಾಯಿಲೆ ಹಾಗೇ ಶುಗರೂ ಸಣ್ಣಗೆ ಹುಟ್ಟಿದವರಿಗೇ ಹೆಚ್ಚಿರಬೇಕು. ಇಲ್ಲಿ ಶುಗರ್ ಹೆಚ್ಚಿದ್ದದ್ದು ಗಿಡ್ಡವಾಗಿ, ಉದ್ದಕ್ಕೆ ಮೀರಿ ಗುಂಡಗೆ ಹುಟ್ಟಿದವರಲ್ಲಿ, ಭಾರದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೆ ಬಸುರಲ್ಲೇ ಸಕ್ಕರೆ ಏರಿತ್ತೇನೋ ಅನ್ನೋದು ಸಂಶೋಧಕರ ಊಹೆ, ನನಗೂ ಅದೇ ಸರಿ ಅನ್ನಿಸುತ್ತೆ. ಅಂದರೆ ಹಸಿವೂ ಹೊಡೆಯುತ್ತೆ, ಅತಿಯೂ ಹೊಡೆಯುತ್ತೆ. ಉದ್ದ ಬರೆದಿಡದಿದ್ದರೆ ಇದು ಗೊತ್ತಾಗ್ತಲೇ ಇರಲಿಲ್ಲ. ತೂಕ ಒಂದೇ ಬರೆದು ಉದ್ದದ ಕಾಲಂ ಖಾಲಿ ಬಿಡೋರು ಇಲ್ಲಿ ಯಾರ್‍ಯಾರಿದೀರಿ, ಕೈ ಎತ್ತೋದು ಬೇಡ.

ಈಗ ಜೀನಿನ ವಿಷಯ. 1944-45ರ ಚಳಿಗಾಲ, ಹಾಲೆಂಡಿನಲ್ಲಿ ಜರ್ಮನರ ದಿಗ್ಬಂಧನ. ದಿನದ ಪಡಿತರ 400ರಿಂದ 800 ಕ್ಯಾಲೊರಿಗೆ ಇಳೀತು. ಆಗ ಗರ್ಭದಲ್ಲಿದ್ದವರನ್ನ ಅರವತ್ತು ವರ್ಷ ಆದ ಮೇಲೆ ಅವರ ಒಡಹುಟ್ಟಿದವರ ಜೊತೆ ಹೋಲಿಸಿದರು. ಅದೇ ಅಪ್ಪ, ಅದೇ ಅಮ್ಮ. ಆದರೂ ಬರಗಾಲದ ಹೊತ್ತಲ್ಲಿ ಗರ್ಭ ಕಟ್ಟಿದವರಲ್ಲಿ ಐಜಿಎಫ್2 ಅನ್ನೋ ಬೆಳವಣಿಗೆಯ ಜೀನಿನ ಮೇಲಿರೋ ಮೀಥೈಲ್ ಗುರುತುಗಳು, ಅಂದರೆ ಜೀನು ಎಷ್ಟು ಕೆಲಸ ಮಾಡಬೇಕು ಅಂತ ಹೇಳೋ ರಾಸಾಯನಿಕ ಗುರುತುಗಳು, ಕಮ್ಮಿ. ಜೀನಿನ ಅಕ್ಷರ ಬದಲಾಗಿಲ್ಲ, ಮೇಲಿನ ಗುರುತು ಬದಲಾಗಿದೆ. "ಅವರಪ್ಪನಿಗೂ ಇತ್ತಲ್ಲ" ಅನ್ನೋರಿಗೆ ಇದನ್ನ ಹೇಳಿ.

ಚೀಟಿ ಬಂತು. ಹತ್ತು ನಿಮಿಷ ಅಂದುಕೊಂಡೆ, ಐದು ಅಂತಿದಾರೆ. ಎರಡು ವಿಷಯ ಬಿಡ್ತೀನಿ. ಅದರಲ್ಲಿ ಒಂದು ಅಪ್ಪಂದಿರ ಬೀಡಿ, ಹೆಂಡದ್ದು. ಹಿಂದಿನ ಸಾಲಿನ ಗಂಡಸರು ನಿಟ್ಟುಸಿರು ಬಿಡಬಹುದು.

ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಅವರ ತಂಡ ನೋಡಿದ್ದು ಬೇಗ ಹೇಳ್ತೀನಿ. ಅಲ್ಲಿನ ಮಕ್ಕಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನದು 3.5. ನಮ್ಮ ಮಗುವಿನಲ್ಲಿ ಮಾಂಸಖಂಡ ಕಮ್ಮಿ, ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಮ್ಮಿಯಿಲ್ಲ. ನೋಡೋಕೆ ಬಡಕಲು, ಒಳಗೆ ಜಿಡ್ಡು. ಅಲ್ಲೇ ಇನ್ನೊಂದು: ತಾಯಿಗೆ ಫೋಲೇಟ್ ಹೆಚ್ಚಿದ್ದು ಬಿ12 ಕಮ್ಮಿಯಿದ್ದರೆ, ಮಗುವಿಗೆ ಆರು ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ನಾಟಲ್ಲ. ಮೈಸೂರಿನ ಬಸುರಿಯರಲ್ಲಿ ಶೇ. 43 ಮಂದಿಗೆ ಬಿ12 ಕೊರತೆ ಕಂಡಿತ್ತು. ನಾಳೆ ನನ್ನ ಹೆಸರು ಹೇಳಿ ಫೋಲಿಕ್ ಮಾತ್ರೆ ನಿಲ್ಲಿಸಬೇಡಿ! ಅದು ಮಗುವಿನ ಬೆನ್ನುಹುರಿಗೆ ಬೇಕೇ ಬೇಕು. ಜೊತೆಗೆ ಹಾಲು, ಮೊಸರು, ತಿನ್ನೋರಿಗೆ ಮೊಟ್ಟೆ.

ಸಭೆಯಿಂದ ಒಂದು ಚೀಟಿ: "ಹುಟ್ಟಿದಾಗ 2.1 ಕಿಲೋ ಇದ್ದ ಮಗು ಈಗ ಗುಂಡುಗುಂಡಾಗಿದೆ, ಖುಷಿ ಪಡಬಹುದಾ?" ಎರಡು ವರ್ಷದೊಳಗೆ ಉದ್ದದ ಜೊತೆ ತೂಕ ಏರಿದರೆ ಧಾರಾಳವಾಗಿ ಖುಷಿ ಪಡಿ. ದೆಹಲಿಯಲ್ಲಿ ಹುಟ್ಟಿನಿಂದ ಮೂವತ್ತರ ಆಸುಪಾಸಿನವರೆಗೆ ಸುಮಾರು 1,500 ಜನರನ್ನ ಗಮನಿಸಿದರು. ಶುಗರ್ ಕಡೆ ವಾಲಿದವರು ಎರಡು ವರ್ಷದ ತನಕ ತೆಳ್ಳಗಿದ್ದು ಆಮೇಲೆ ಮೈ ತುಂಬುತ್ತಾ ಹೋದವರು. ಹನ್ನೆರಡಕ್ಕೂ ಅವರು ಬೊಜ್ಜಿನವರ ಪಟ್ಟಿಗೆ ಬಂದಿರಲಿಲ್ಲ, ಅಮ್ಮನಿಗೆ ಅನುಮಾನ ಬರೋ ಹಾಗೇ ಇಲ್ಲ. ಹಾಗಾಗಿ ಮೂರು, ನಾಲ್ಕು ವರ್ಷದ ಮಗು ಎತ್ತರ ಏರದೆ ತೂಕ ಮಾತ್ರ ಏರಿಸ್ತಿದ್ದರೆ ಬಿಸ್ಕತ್ತು, ಡಬ್ಬದ ಪುಡಿ ನಿಲ್ಲಿಸಿ, ಆಟಕ್ಕೆ ಬಿಡಿ. ಈ ಮಗುವಿನ ವಯಸ್ಸೆಷ್ಟು, ಎತ್ತರ ಎಷ್ಟು ಅಂತ ಚೀಟೀಲಿ ಬರೆದಿಲ್ಲ. ಬರೆದವರು ಊಟದ ಹೊತ್ತಲ್ಲಿ ತಾಯಿ ಕಾರ್ಡು ಹಿಡಿದುಕೊಂಡು ನನ್ನ ಹತ್ತಿರ ಬನ್ನಿ.